ಒಂದು ಕೈಗೆ ಒಂದು ಸ್ಟಿಕ್ ಸಾಲದೇ?

ಬೋಗಾದಿ ರಿಂಗ್ ರಸ್ತೆ ದಾಟಿ ಗದ್ದಿಗೆ ಕಡೆಗೆ ಒಂದಷ್ಟು ದೂರ ಹೋದರೆ, ಸೈಟಿನ ಕಲ್ಲು ನೆಟ್ಟಿದ್ದರೂ ಮನೆ ಏಳದ ಬಯಲುಗಳು ಇನ್ನೂ ಉಳಿದಿವೆ. ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ನಾಲ್ಕೈದು ಜನ ಗೆಳೆಯರು ಥರ್ಮೊಕೋಲ್ ವಿಮಾನ ಹಿಡಿದು ಅಲ್ಲಿ ನಿಂತಿರುತ್ತೇವೆ. ಎಂಟು ಗಂಟೆ ದಾಟಿದರೆ ಗಾಳಿ ಏಳುತ್ತದೆ. ಆಷಾಢದಲ್ಲಂತೂ ಆ ಕಡೆ ತಲೆ ಹಾಕುವಂತಿಲ್ಲ. ವಾಕಿಂಗ್ ಬರುವ ಹಿರಿಯರು, ಹಾಲು ಹಾಕಿ ವಾಪಸಾಗುವವರು ನಿಂತು ನೋಡಿ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: 'ಎಷ್ಟು ದುಡ್ಡು ಇದಕ್ಕೆ?'

ಎರಡು ವರ್ಷದ ಹಿಂದೆ ನನ್ನ ಗೆಳೆಯನೊಬ್ಬ ಬೇರೆ ಪ್ರಶ್ನೆ ಕೇಳಿದ. 'ಇದನ್ನು ಒಂದೇ ಕೈಲಿ ಹಾರಿಸೋಕೆ ಆಗುತ್ತಾ?' ಹೈಸ್ಕೂಲಿನಿಂದ ನಮ್ಮ ಗುಂಪಿನಲ್ಲಿ ಚೆನ್ನಾಗಿ ವಿಮಾನ ಹಾರಿಸುತ್ತಿದ್ದವನು ಅವನೇ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿದ್ದಾಗ ಪವರ್ ಪ್ರೆಸ್‌ಗೆ ಎಡಗೈ ಸಿಕ್ಕಿ ಐದೂ ಬೆರಳು ಹೋದವು. ಅಂಗೈ ಉಳಿಯಿತು. ನಾನು ಯೋಚನೆ ಕೂಡ ಮಾಡದೆ 'ಆಗಲ್ಲ ಕಣೋ, ಎರಡು ಸ್ಟಿಕ್ ಇರುತ್ತಲ್ಲ' ಅಂದೆ. ಅವನು ಸುಮ್ಮನೆ ತಲೆಯಾಡಿಸಿದ. ಮುಂದೆ ಹಲವು ತಿಂಗಳು ಅವನ ಕೆಲಸ ಬಲಗೈಯಲ್ಲಿ ವಿಮಾನವನ್ನು ಗಾಳಿಗೆ ಎಸೆಯುವುದಷ್ಟೇ ಆಗಿತ್ತು. ಹಾರಿಸುವುದು ನಾವು.

ನಾನು ಅಂದು ಹೇಳಿದ್ದು ತಪ್ಪು. ಅದು ತಪ್ಪೆಂದು ತಿಳಿಯಲು ನನಗೆ ಬಹಳ ಸಮಯ ಬೇಕಾಯಿತು ಎನ್ನುವುದೇ ಈ ಲೇಖನಕ್ಕೆ ಕಾರಣ.

ಇಂದು ಅಂಗಡಿಯಲ್ಲಿ ಸಿಗುವ ರಿಮೋಟ್, ಅಂದರೆ ಟ್ರಾನ್ಸ್‌ಮಿಟರ್, ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎರಡು ಹೆಬ್ಬೆರಳಿಗೆ ಎರಡು ಸ್ಟಿಕ್. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಜೋಡಣೆಯಲ್ಲಿ ಬಲ ಸ್ಟಿಕ್ ರೆಕ್ಕೆ ವಾಲಿಸುವ ಏಲರಾನ್ ಮತ್ತು ಮೂಗು ಎತ್ತಿ ಇಳಿಸುವ ಎಲಿವೇಟರ್ ನೋಡಿಕೊಳ್ಳುತ್ತದೆ. ಎಡ ಸ್ಟಿಕ್ ಮೋಟಾರಿನ ವೇಗ, ಅಂದರೆ ಥ್ರಾಟಲ್ ಮತ್ತು ಬಾಲದ ರಡರ್ ನೋಡಿಕೊಳ್ಳುತ್ತದೆ. ಡ್ರೋನ್ ರಿಮೋಟುಗಳೂ ಹೀಗೇ. ಹಾಗಾಗಿ ಎರಡು ಸ್ಟಿಕ್ ಇರಲೇಬೇಕು, ಅದೇ ವಿಜ್ಞಾನ ಎಂದು ನಾವು ನಂಬಿಬಿಟ್ಟಿದ್ದೇವೆ.

ಆದರೆ ಇದು ವಿಜ್ಞಾನವಲ್ಲ, ರೂಢಿ. ಅಮೆರಿಕದ ಅವಳಿ ಸಹೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ 1937ರಲ್ಲಿ ರೇಡಿಯೊದಿಂದ ಮಾದರಿ ವಿಮಾನವನ್ನು ನಿಯಂತ್ರಿಸಿ ಹಾರಿಸಿದವರಲ್ಲಿ ಮೊದಲಿಗರು. ಅವರ ವಿಮಾನ ಇಂದು ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಆಮೇಲೆ ಬಹುಕಾಲ ಹವ್ಯಾಸಿಗಳ ಕೈಯಲ್ಲಿದ್ದುದು ಒಂದೇ ಬಟನ್. ಒಮ್ಮೆ ಒತ್ತಿದರೆ ಒಂದು ಕಡೆ ತಿರುವು, ಎರಡು ಸಲ ಒತ್ತಿದರೆ ಇನ್ನೊಂದು ಕಡೆ. ಸ್ಟಿಕ್ ಎಷ್ಟು ವಾಲಿದರೆ ವಿಮಾನದ ರೆಕ್ಕೆ ಅಥವಾ ಬಾಲದ ಪಟ್ಟಿಯೂ ಅಷ್ಟೇ ತಿರುಗುವ ವ್ಯವಸ್ಥೆ ನೆಲೆಯೂರಿದ್ದು 1960ರ ದಶಕದಲ್ಲಿ. ಆಗ ಕ್ರಾಫ್ಟ್‌ನಂಥ ಕಂಪನಿಗಳು ಎರಡು ಸ್ಟಿಕ್‌ನ ಪೆಟ್ಟಿಗೆಯ ಜೊತೆಗೆ ಒಂದೇ ಸ್ಟಿಕ್‌ನ ಪೆಟ್ಟಿಗೆಯನ್ನೂ ಮಾರುತ್ತಿದ್ದವು. ಹೀತ್‌ಕಿಟ್, ಏಸ್ ಕಂಪನಿಗಳ ಕಿಟ್ ತರಿಸಿ ಮನೆಯಲ್ಲೇ ಬೆಸುಗೆ ಹಾಕಿಕೊಳ್ಳುವವರೂ ಇದ್ದರು.

ಆ ಸಿಂಗಲ್ ಸ್ಟಿಕ್‌ನ ಲೆಕ್ಕಾಚಾರ ಸರಳ. ಸ್ಟಿಕ್ಕನ್ನು ಎಡಕ್ಕೆ ಬಲಕ್ಕೆ ವಾಲಿಸಿದರೆ ಏಲರಾನ್. ಹಿಂದೆ ಮುಂದೆ ಮಾಡಿದರೆ ಎಲಿವೇಟರ್. ಸ್ಟಿಕ್‌ನ ತುದಿಯಲ್ಲಿರುವ ಗುಂಡಿಯನ್ನು ಬಾಟಲಿ ಮುಚ್ಚಳದಂತೆ ತಿರುವಿದರೆ ರಡರ್. ಪೆಟ್ಟಿಗೆಯ ಪಕ್ಕದಲ್ಲೊಂದು ಚಿಕ್ಕ ಲಿವರ್, ಅದು ಥ್ರಾಟಲ್. ಪೆಟ್ಟಿಗೆಯನ್ನು ಎಡಗೈಯಲ್ಲಿ ಅವುಚಿ ಹಿಡಿದು ಅದೇ ಕೈಯ ಬೆರಳಿನಿಂದ ಲಿವರ್ ತಳ್ಳುವುದು, ಹಾರಾಟವೆಲ್ಲ ಬಲಗೈಯಲ್ಲಿ. ನಿಜವಾದ ವಿಮಾನದಲ್ಲೂ ಪೈಲಟ್ ರೆಕ್ಕೆ ಮತ್ತು ಮೂಗನ್ನು ಒಂದೇ ಕೈಯಲ್ಲಿ ನಿಯಂತ್ರಿಸುತ್ತಾನೆ, ರಡರ್ ಕಾಲಿನ ಪೆಡಲ್‌ನಲ್ಲಿರುತ್ತದೆ. ಏರ್‌ಬಸ್ ಎ320ರಲ್ಲಿ ಕ್ಯಾಪ್ಟನ್ ಎಡಗೈಯಲ್ಲಿ ಸಣ್ಣ ಸೈಡ್‌ಸ್ಟಿಕ್ ಹಿಡಿಯುತ್ತಾನೆ. ಬ್ಯಾಟರಿ ಗಾಲಿಕುರ್ಚಿಯೂ ಒಂದೇ ಸ್ಟಿಕ್‌ನಲ್ಲಿ ಓಡಾಡುತ್ತದೆ. ಹಾಗಿರುವಾಗ ಒಂದು ಕಿಲೋ ತೂಗದ ಥರ್ಮೊಕೋಲ್ ವಿಮಾನಕ್ಕೆ ಎರಡು ಕೈಯ ಹತ್ತು ಬೆರಳು ಬೇಕೇಬೇಕು ಎಂದು ಪಟ್ಟು ಹಿಡಿದವರು ನಾವು!

ಈಗ ಅಂಥ ಪೆಟ್ಟಿಗೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಹಳೆಯದು ಯಾರದೋ ಅಟ್ಟದಲ್ಲಿ ಸಿಕ್ಕರೂ ಹಾಗೇ ಬಳಸಬಾರದು. ಅದು ಹಳೆಯ ತರಂಗಾಂತರದ್ದು. ನಮ್ಮ ದೇಶದಲ್ಲಿ 2005ರಿಂದ ಪರವಾನಗಿ ಇಲ್ಲದೆ ಬಳಸಬಹುದಾದದ್ದು 2.4 ಗಿಗಾಹರ್ಟ್ಸ್ ಪಟ್ಟಿ, ಇಂದಿನ ಹೆಚ್ಚಿನ ರಿಮೋಟುಗಳು ಅದರಲ್ಲೇ ಇವೆ. ಹಾಗಾಗಿ ನಾವು ಹೊಸತನ್ನೇ ಮಾಡಿಕೊಂಡೆವು. ಸಿಸಿಟಿವಿ ಕ್ಯಾಮೆರಾ ತಿರುಗಿಸುವ ಕೀಬೋರ್ಡ್‌ಗಳಲ್ಲಿ ಮೂರು ದಿಕ್ಕಿನ ಜಾಯ್‌ಸ್ಟಿಕ್ ಇರುತ್ತದೆ. ವಾಲುತ್ತದೆ, ತುದಿ ತಿರುಗುತ್ತದೆ, ಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ತರುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಒಂದನ್ನು ತಂದೆವು. ಜೊತೆಗೆ ಒಂದು ಆರ್ಡಿನೊ ನ್ಯಾನೊ ಬೋರ್ಡ್. ತಂತಿ, ಪ್ಲಾಸ್ಟಿಕ್ ಪೆಟ್ಟಿಗೆ, ಕುತ್ತಿಗೆ ಪಟ್ಟಿ ಎಲ್ಲ ಸೇರಿ ಎರಡು ಸಾವಿರ ರೂಪಾಯಿ ದಾಟಲಿಲ್ಲ.

ಕೆಲಸ ಇಷ್ಟೇ. ಜಾಯ್‌ಸ್ಟಿಕ್‌ನ ಪ್ರತಿ ದಿಕ್ಕಿಗೂ ಒಂದು ಪೊಟೆನ್ಶಿಯೋಮೀಟರ್ ಇರುತ್ತದೆ, ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯ ಒಳಗಿರುವುದೂ ಅದೇ. ಆರ್ಡಿನೊ ಅದನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. ಆ ಸಂಖ್ಯೆಯನ್ನು 1000ದಿಂದ 2000 ಮೈಕ್ರೊಸೆಕೆಂಡ್‌ಗಳ ಸಂಕೇತವಾಗಿ ಬದಲಿಸಬೇಕು, 1500 ಅಂದರೆ ನಡು. ವಿಮಾನದ ಸರ್ವೊ ಮೋಟಾರುಗಳಿಗೆ ಅರ್ಥವಾಗುವ ಭಾಷೆ ಇದು. ಎಲ್ಲ ಚಾನೆಲ್‌ಗಳ ಸಂಕೇತವನ್ನು ಸಾಲಾಗಿ ಜೋಡಿಸಿ, ನಮ್ಮಲ್ಲಿದ್ದ ಮಾಮೂಲಿ ರಿಮೋಟ್‌ನ ಟ್ರೇನರ್ ಪೋರ್ಟ್‌ಗೆ ಕೇಬಲ್ ಮೂಲಕ ಕೊಟ್ಟೆವು. ಗುರು ಮತ್ತು ಶಿಷ್ಯ ಎರಡು ರಿಮೋಟ್ ಜೋಡಿಸಿ ಕಲಿಯಲೆಂದೇ ಇರುವ ಕಿಂಡಿ ಅದು. ಇದರಿಂದ ಎರಡು ಲಾಭ. ರೇಡಿಯೊ ಭಾಗವನ್ನು ಬಿಚ್ಚುವ ಗೋಜಿಲ್ಲ. ಎರಡನೆಯದಾಗಿ, ನಾನು ಸ್ವಿಚ್ ಒತ್ತಿ ಹಿಡಿದಿರುವವರೆಗೆ ಮಾತ್ರ ಅವನ ಕೈಯಲ್ಲಿ ವಿಮಾನ, ಬಿಟ್ಟ ಕ್ಷಣ ನನ್ನ ಕೈಗೆ.

ಥ್ರಾಟಲ್‌ಗೆ ಮಾತ್ರ ಪುಸ್ತಕದ ಉತ್ತರ ಇರಲಿಲ್ಲ. ಬೆರಳಿಗೆಂದು ಮಾಡಿದ ಲಿವರ್ ಅವನಿಗೆ ಆಗದು. ಅವನೇ ಒಂದು ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ, ಬಾಗಿಸಿ, ಅಂಗೈಯಿಂದ ತಳ್ಳುವಷ್ಟು ಅಗಲದ ಲಿವರ್ ಮಾಡಿದ. ಬಿಟ್ಟರೆ ಬಿಟ್ಟಲ್ಲೇ ನಿಲ್ಲಲೆಂದು ಚರ್ಮದ ವಾಷರ್ ಹಾಕಿದ. ಎಂಜಿನಿಯರಿಂಗ್ ಓದುತ್ತಿದ್ದ ನಾವು ಮೂವರಿಗೂ ಅದು ಹೊಳೆದಿರಲಿಲ್ಲ.

ಮೊದಲ ಹಾರಾಟ ನಾಲ್ಕು ಸೆಕೆಂಡೂ ಇರಲಿಲ್ಲ. ಎಲಿವೇಟರ್ ತಿರುಗಾಮುರುಗಾ ಆಗಿತ್ತು, ಮೇಲೆ ಹೋಗು ಅಂದರೆ ನೆಲಕ್ಕೆ ಮೂಗು ಹಾಕಿತು. ಸ್ವಿಚ್ ಬಿಡಲು ನನಗೆ ಸಮಯವೇ ಸಿಗಲಿಲ್ಲ. ಎರಡನೇ ವಾರ ಇನ್ನೊಂದು ತೊಂದರೆ. ತುದಿ ತಿರುವುವಾಗ ಕೈ ತಿಳಿಯದೆ ಸ್ಟಿಕ್ಕನ್ನೂ ವಾಲಿಸುತ್ತದೆ. ರಡರ್ ಕೊಟ್ಟರೆ ರೆಕ್ಕೆಯೂ ವಾಲುತ್ತಿತ್ತು. ಸಿಂಗಲ್ ಸ್ಟಿಕ್‌ನ ಹುಟ್ಟುಗುಣವೇ ಅದು. ನಡುವಿನ ಆಚೀಚೆಯ ಸಣ್ಣ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಪ್ರೋಗ್ರಾಂನಲ್ಲಿ ಎರಡು ಸಾಲು ಸೇರಿಸಿದೆವು. ನಡುವಿನಲ್ಲಿ ಮೆತ್ತಗೆ, ಅಂಚಿನಲ್ಲಿ ಚುರುಕಾಗಿ ಇರುವಂತೆ ಬದಲಿಸಿದೆವು. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ವಿಮಾನವನ್ನೇ ಬದಲಿಸಿದ್ದು. ರೆಕ್ಕೆ ಮೇಲಿರುವ, ತುದಿಗಳು ತುಸು ಮೇಲಕ್ಕೆ ಬಾಗಿದ, ಏಲರಾನ್ ಇಲ್ಲದ ವಿಮಾನ ಮಾಡಿದೆವು. ಅದು ರಡರ್ ಒಂದರಿಂದಲೇ ತಿರುಗುತ್ತದೆ. ರಡರನ್ನು ಸ್ಟಿಕ್‌ನ ಎಡಬಲ ಚಲನೆಗೆ ಕೊಟ್ಟರೆ ತಿರುವುವ ಕೆಲಸವೇ ಬೇಡ. ಯಾರಾದರೂ ಹೊಸದಾಗಿ ಶುರು ಮಾಡುವುದಾದರೆ ಇಲ್ಲಿಂದಲೇ ಶುರು ಮಾಡಿ.

ಮೂರನೇ ತಿಂಗಳ ಒಂದು ಭಾನುವಾರ ಅವನು ಆರು ನಿಮಿಷ ಹಾರಿಸಿ, ನಮ್ಮ ಕಾಲ ಬುಡಕ್ಕೇ ತಂದು ಇಳಿಸಿದ. ಆರೂ ನಿಮಿಷ ನಾನು ಸ್ವಿಚ್ ಒತ್ತಿ ಹಿಡಿದಿದ್ದೆ, ಒಮ್ಮೆಯೂ ಬಿಡಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಇದನ್ನು ಪತ್ರಿಕೆಗೆ ಬರೆಯುತ್ತಿರಲಿಲ್ಲ. ಕಾಲೇಜೊಂದರ ಉತ್ಸವದಲ್ಲಿ ಹೊರಗಿನವರಿಗೂ ಮುಕ್ತವಾದ ಮಾದರಿ ವಿಮಾನ ಸ್ಪರ್ಧೆಗೆ ಹೆಸರು ಕೊಟ್ಟೆವು. ನಮ್ಮ ಪೆಟ್ಟಿಗೆ ನೋಡಿದ ಆಯೋಜಕರು 'ಇದು ಸ್ಟ್ಯಾಂಡರ್ಡ್ ಅಲ್ಲ' ಅಂದರು. ಸುರಕ್ಷತೆಯ ಕಾರಣಕ್ಕೆ ಕೇಳಿದ್ದರೆ ಒಪ್ಪುತ್ತಿದ್ದೆ. ಆದರೆ ಯಾರೂ ಪರೀಕ್ಷಿಸಲೇ ಇಲ್ಲ. ಮೂವತ್ತು ಹೆಜ್ಜೆ ದೂರದಿಂದ ಕಡಿಮೆ ಶಕ್ತಿಯಲ್ಲಿ ಸಂಕೇತ ಮುಟ್ಟುತ್ತದೆಯೇ? ಸಂಕೇತ ಕಡಿದರೆ ಮೋಟಾರು ತಾನಾಗಿ ನಿಲ್ಲುತ್ತದೆಯೇ? ಸ್ಟಿಕ್ ವಾಲಿದ ಕಡೆಗೇ ಪಟ್ಟಿ ತಿರುಗುತ್ತದೆಯೇ? ಈ ಮೂರು ಪ್ರಶ್ನೆ ಎರಡು ಸ್ಟಿಕ್‌ನವರಿಗೂ ಕೇಳಬೇಕಾದವು. ಅಂದು ಅವರಿಗೂ ಕೇಳಲಿಲ್ಲ. ಪೆಟ್ಟಿಗೆಯ ಆಕಾರ ನೋಡಿಯೇ ತೀರ್ಪು ಆಗಿಹೋಯಿತು.

ನನ್ನ ವಾದ ಇಷ್ಟೇ. ಪರೀಕ್ಷೆ ಉಪಕರಣ ಮಾಡುವ ಕೆಲಸಕ್ಕೆ ಇರಲಿ, ಅದರ ರೂಪಕ್ಕೆ ಬೇಡ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 'ಸೂಕ್ತ ಹೊಂದಾಣಿಕೆ'ಯ ಮಾತಾಡುತ್ತದೆ. ಅದನ್ನು ನಾವು ರ‍್ಯಾಂಪ್‌ಗೆ, ಪರೀಕ್ಷೆಯ ಹೆಚ್ಚುವರಿ ಸಮಯಕ್ಕೆ ಸೀಮಿತ ಮಾಡಿಕೊಂಡಿದ್ದೇವೆ. ಬೋಗಾದಿ ರಸ್ತೆಯ ಆಸುಪಾಸಿನ ಮಾನಸಗಂಗೋತ್ರಿಯಲ್ಲೇ ಅಂಗವಿಕಲರಿಗಾಗಿ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ, ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಎಂಜಿನಿಯರಿಂಗ್ ಕಾಲೇಜಿದೆ. ಒಂದೇ ರಸ್ತೆಯಲ್ಲಿ ಇಷ್ಟೆಲ್ಲ ಇರುವ ಊರಿನ ಹುಡುಗರು ಕೈಗೆ ತಕ್ಕ ರಿಮೋಟ್ ಮಾಡುವುದನ್ನು ಪ್ರಾಜೆಕ್ಟ್ ವಿಷಯವಾಗಿ ಆರಿಸಿಕೊಳ್ಳಬಾರದೇ? ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೋಟ್ ಎಷ್ಟು ಸಲ?

ಇದರಲ್ಲಿ ಎದುರು ಮಾತೂ ಇದೆ, ಒಪ್ಪುತ್ತೇನೆ. ಎರಡು ಸ್ಟಿಕ್ ಉಳಿದುಕೊಂಡದ್ದು ಸುಮ್ಮನೆ ಅಲ್ಲ. ಕಲಿಸುವವರು ಸುಲಭವಾಗಿ ಸಿಗುತ್ತಾರೆ, ಮಾರಲು ಸುಲಭ, ಗಿರಕಿ ಹೊಡೆಸುವ ಕಸರತ್ತಿಗೆ ರಡರ್ ಬೇರೆ ಬೆರಳಿನಲ್ಲಿದ್ದರೆ ಅನುಕೂಲ. ಎರಡು ಕೈ ಸರಿಯಿರುವವರೆಲ್ಲ ಸಿಂಗಲ್ ಸ್ಟಿಕ್‌ಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ಎಲ್ಲರೂ ಬಳಸುವುದೊಂದೇ ದಾರಿ ಎಂದುಕೊಂಡು ಉಳಿದವರನ್ನು ಎಸೆಯುವ ಕೆಲಸಕ್ಕೆ ನಿಲ್ಲಿಸಬೇಡಿ ಎನ್ನುತ್ತಿದ್ದೇನೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಒಂದು ಮಾತು. ಡ್ರೋನ್ ಎಂದ ಕೂಡಲೇ ನಮಗೆ ಹೊಳೆಯುವುದು ಸಾವಿರಾರು ರೂಪಾಯಿಯ ಕೋರ್ಸ್ ಮತ್ತು ಸರ್ಟಿಫಿಕೇಟ್. ನನ್ನ ಹತ್ತಿರವೂ ಅಂಥ ಮೂರು ಇವೆ. ಸಂದರ್ಶನದಲ್ಲಿ ಅವುಗಳ ಬಗ್ಗೆ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಈ ಪೆಟ್ಟಿಗೆಯ ಫೋಟೊ ತೋರಿಸಿದಾಗ ಇಪ್ಪತ್ತು ನಿಮಿಷ ಪ್ರಶ್ನೆ ಬಂದವು. ಸಂಕೇತ ಯಾಕೆ ನಡುಗುತ್ತಿತ್ತು, ಕೇಬಲ್ ಕಿತ್ತರೆ ಏನಾಗುತ್ತದೆ, ಆ ಲಿವರ್ ಯಾರ ಯೋಚನೆ? ಕೆಲಸ ಸಿಕ್ಕಿತೇ ಅಂದರೆ, ಇನ್ನೂ ಇಲ್ಲ. ಆದರೆ ಉತ್ತರ ಗೊತ್ತಿದ್ದು ಮಾತಾಡಿದ ಮೊದಲ ಸಂದರ್ಶನ ಅದು.

ಮಾಡಲು ಹೊರಟವರು ನಿಯಮ ಮರೆಯಬೇಡಿ. ಆಟಿಕೆ ಎಂದು ನಾವು ಕರೆದರೂ 2021ರ ಡ್ರೋನ್ ನಿಯಮಗಳು ಇವಕ್ಕೂ ಅನ್ವಯ. ಕಲಿಕೆ ಮತ್ತು ಮನರಂಜನೆಗಾಗಿ ಹಾರಿಸುವ ಮಾದರಿ ವಿಮಾನ 25 ಕಿಲೋ ಮೀರಬಾರದು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಬೇಕು. ಹಸಿರು ವಲಯದಲ್ಲಿ ಎತ್ತರ 400 ಅಡಿ, ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ. ನಮಗೆ ಮಂಡಕಳ್ಳಿ ನಿಲ್ದಾಣ ಇದೆ, ಹಾಗಾಗಿ ಬಯಲಿಗೆ ಹೋಗುವ ಮುನ್ನ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಜನರ ತಲೆಯ ಮೇಲೆ, ವಿದ್ಯುತ್ ತಂತಿಯ ಬಳಿ ಬೇಡವೇ ಬೇಡ. ಬದಲಿಸಿದ ರಿಮೋಟ್ ಆದರೆ ಟ್ರೇನರ್ ಕೇಬಲ್‌ನ ಇನ್ನೊಂದು ತುದಿಯಲ್ಲಿ ಅನುಭವಿ ಕೈ ಇರಲಿ.

ಕಳೆದ ಭಾನುವಾರ ಬಯಲಿಗೆ ಪಕ್ಕದ ಬಡಾವಣೆಯ ಹುಡುಗನೊಬ್ಬ ಬಂದಿದ್ದ. ಏಳನೇ ತರಗತಿ, ಎರಡೂ ಕೈ ಗಟ್ಟಿಮುಟ್ಟು. ನನ್ನ ರಿಮೋಟ್ ನೋಡಿದ, ಗೆಳೆಯನದ್ದನ್ನೂ ನೋಡಿದ. ಕಲಿಯಲು ಸುಲಭ ಯಾವುದು ಎಂದು ಕೇಳಿದ. ನಾನು ಬಾಯಿ ತೆಗೆಯುವಷ್ಟರಲ್ಲಿ ಗೆಳೆಯ ತನ್ನ ಕುತ್ತಿಗೆ ಪಟ್ಟಿ ಬಿಚ್ಚಿ ಅವನಿಗೆ ಹಾಕಿದ. ವಿಮಾನ ಎಸೆಯುವ ಸರದಿ ಅಂದು ನನ್ನದಾಗಿತ್ತು.