ಬೀದಿಗೆ ಬಿದ್ದ ಮರಿಗೂ ಒಂದು ಹೊಸ್ತಿಲು ಬೇಕು

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ, ಗೂಗಲ್ ಎಂಬ ಹೆಸರಿನ ಹಳ್ಳಿಯೊಂದಿದೆ. ಅಂತರಜಾಲದ ಹುಡುಕುತಾಣ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇದ್ದ ಊರು ಅದು. ಇಂದು ಮನೆಗೊಂದು ನಾಯಿ ಬೇಕೆನಿಸಿದ ಕೂಡಲೇ ಓದುಬರಹ ಬಲ್ಲವರು ಮೊರೆಹೋಗುವುದು ಹುಡುಕುತಾಣದ ಗೂಗಲ್‌ಗೆ. ಅಲ್ಲಿ ಲ್ಯಾಬ್ರಡಾರ್, ಪಗ್, ಹಸ್ಕಿ ಮರಿಗಳ ಚಿತ್ರಗಳೂ ಬೆಲೆಗಳೂ ಸಾಲುಗಟ್ಟುತ್ತವೆ. ಊರಿನ ಗೂಗಲ್‌ನಲ್ಲಾಗಲಿ, ಮಲೆನಾಡಿನ ಯಾವುದೇ ಹಳ್ಳಿಯಲ್ಲಾಗಲಿ ಮರಿಯನ್ನು ಹುಡುಕುವ ಪ್ರಮೇಯವೇ ಇಲ್ಲ. ಬಸ್ ನಿಲ್ದಾಣದ ಕಟ್ಟೆಯಡಿ, ಚಹದಂಗಡಿಯ ಬೂದಿಗುಡ್ಡೆಯ ಮೇಲೆ, ಶಾಲೆಯ ಜಗಲಿಯಲ್ಲಿ ಅವು ಮುದುಡಿ ಮಲಗಿರುತ್ತವೆ. ಅವುಗಳಿಗೆ ಬೆಲೆಯಿಲ್ಲ, ಆದ್ದರಿಂದಲೇ ಅವು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಆ ಬಯಲುಸೀಮೆಯಲ್ಲಿ ಕುರಿಗಾರರ ಹಿಂಡಿನೊಡನೆ ನಡೆಯುವ ನಾಯಿಗಳನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಆ ನಾಯಿಗೆ ವಂಶಾವಳಿಯ ಪತ್ರವಿಲ್ಲ. ಆದರೆ ಅದಕ್ಕೊಬ್ಬ ಒಡೆಯನಿದ್ದಾನೆ, ಒಂದು ಹೆಸರಿದೆ, ರಾತ್ರಿಯ ಹಟ್ಟಿಯನ್ನು ಕಾಯುವ ಕೆಲಸವಿದೆ, ಹೊತ್ತಿಗೊಂದು ರೊಟ್ಟಿಯ ಚೂರಿದೆ. ಅದೇ ನಾಯಿಯ ಒಡಹುಟ್ಟಿದ ಮತ್ತೊಂದು ಮರಿ ಪಟ್ಟಣದ ಅಂಚಿನ ಕೋಳಿಯಂಗಡಿಯ ಕಸದ ರಾಶಿಯಲ್ಲಿ ಬೆಳೆದರೆ ಅದನ್ನು ಜನ ಪಿಡುಗೆಂದು ಕರೆಯುತ್ತಾರೆ. ಎರಡರ ರಕ್ತವೂ ಒಂದೇ. ಒಂದರ ಹೊಣೆಯನ್ನು ಯಾರೋ ಹೊತ್ತಿದ್ದಾರೆ, ಇನ್ನೊಂದರ ಹೊಣೆಯನ್ನು ಯಾರೂ ಹೊತ್ತಿಲ್ಲ ಎಂಬುದಷ್ಟೇ ವ್ಯತ್ಯಾಸ. ಬೀದಿನಾಯಿಯ ಸಮಸ್ಯೆಯೆಂದು ಕರೆಯಲಾಗುತ್ತಿರುವುದು ನಾಯಿಯ ಸಮಸ್ಯೆಯಲ್ಲ, ಹೊಣೆಗೇಡಿತನದ ಸಮಸ್ಯೆ.

ಮಲೆನಾಡಿನಲ್ಲಿ ಈ ಹೊಣೆಗೇಡಿತನಕ್ಕೆ ತನ್ನದೇ ಆದ ಒಂದು ರೂಪವಿದೆ. ಮನೆಯ ನಾಯಿ ಈದಾಗ ಗಂಡುಮರಿಗಳನ್ನು ನೆಂಟರಿಷ್ಟರು ಒಯ್ಯುತ್ತಾರೆ. ಉಳಿದ ಹೆಣ್ಣುಮರಿಗಳು ಗೋಣಿಚೀಲ ಸೇರಿ, ಸಂತೆಮಾಳದಲ್ಲೋ ಘಟ್ಟದ ತಿರುವಿನಲ್ಲೋ ಕಾಡಿನಂಚಿನಲ್ಲೋ ಇಳಿಯುತ್ತವೆ. ‘ಹೇಗೋ ಬದುಕಿಕೊಳ್ಳುತ್ತವೆ’ ಎಂಬುದು ಬಿಟ್ಟುಬಂದವರ ಸಮಾಧಾನ. ಹೆಚ್ಚಿನವು ಬದುಕುವುದಿಲ್ಲ. ಹಸಿವು, ಮಳೆ, ವಾಹನ, ಚಿರತೆ ಇವುಗಳಲ್ಲೊಂದು ಅವುಗಳನ್ನು ಮುಗಿಸುತ್ತದೆ. ಬದುಕುಳಿದ ಒಂದೆರಡು ಹೆಣ್ಣುಗಳು ವರ್ಷ ತುಂಬುವುದರೊಳಗೆ ಬೆದೆಗೆ ಬಂದು, ಎರಡೇ ತಿಂಗಳ ಗರ್ಭಾವಧಿಯಲ್ಲಿ ನಾಲ್ಕಾರು ಮರಿಗಳನ್ನು ಹಾಕುತ್ತವೆ. ಈ ಕ್ರಮ ವರ್ಷಕ್ಕೆ ಎರಡು ಸಲವೂ ನಡೆಯಬಹುದು. ಒಂದು ಚೀಲದಲ್ಲಿ ಕಟ್ಟಿ ಬಿಟ್ಟುಬಂದ ಅಸಡ್ಡೆ ಮೂರು ವರ್ಷಗಳಲ್ಲಿ ಒಂದು ಊರಿನ ಭಯವಾಗಿ ಹಿಂದಿರುಗುತ್ತದೆ.

ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಒಪ್ಪಿಸಿ ಬಿಟ್ಟುಹೋಗುವುದು ಅಪರಾಧವೆಂದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೇ ಸಾರಿದೆ. ಮೊದಲ ತಪ್ಪಿಗೆ ಅದು ಅಂದು ಗೊತ್ತುಪಡಿಸಿದ ದಂಡ ಹೆಚ್ಚೆಂದರೆ 50 ರೂಪಾಯಿ. ಇಂತಹ ವಿಷಯದಲ್ಲಿ ಕಾಯಿದೆಗಿಂತ ಊರಿನ ನಾಚಿಕೆಯೇ ಹೆಚ್ಚು ಕೆಲಸ ಮಾಡಬೇಕಾಗಿದೆ.

ಕನ್ನಡ ನಾಡಿಗೆ ಈ ಮಾತು ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 950ರ ಆಸುಪಾಸಿನ ಶಾಸನವೊಂದು ನಾಯಿಯೊಂದರ ಸ್ಮರಣೆಗಾಗಿ ನಿಂತದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನೆಂಬ ಸೇವಕನಿಗೆ ಗಂಗರ ಇಮ್ಮಡಿ ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಆತ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿ ಎರಡೂ ಸತ್ತಾಗ, ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಡಲಾಯಿತು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮನುಷ್ಯನಿಗಾಗಿ ಪ್ರಾಣ ಕೊಟ್ಟ ನಾಯಿಗೆ ವೀರಗಲ್ಲಿನ ಮರ್ಯಾದೆ ಕೊಟ್ಟ ನಾಡಿನಲ್ಲಿ, ಸಾವಿರ ವರ್ಷಗಳ ತರುವಾಯ, ಮರಿಯನ್ನು ಚೀಲದಲ್ಲಿ ಕಟ್ಟಿ ಎಸೆಯುವುದು ಸಹಜವೆನಿಸಿರುವುದು ವಿಷಾದದ ಸಂಗತಿ.

ಹೀಗೆಂದ ಮಾತ್ರಕ್ಕೆ ಜನರ ಭಯವನ್ನು ಹಗುರವಾಗಿ ಕಾಣುವಂತಿಲ್ಲ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 1.53 ಕೋಟಿ, ಕರ್ನಾಟಕದಲ್ಲಿ 11 ಲಕ್ಷಕ್ಕೂ ಹೆಚ್ಚು ಬೀದಿನಾಯಿಗಳಿದ್ದವು. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯ ಕಡಿತದಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಆ ರೋಗದಿಂದ ಉಳಿದವರು ಇಲ್ಲವೆಂಬಷ್ಟು ವಿರಳ. ಅದಕ್ಕೆ ಹೆಚ್ಚಾಗಿ ಬಲಿಯಾಗುವವರು ಬಡವರು ಮತ್ತು ಮಕ್ಕಳು. ಆದುದರಿಂದ ಕರುಣೆಯ ಮಾತನ್ನು ಆಡುವವರು ಮೊದಲು ಈ ಮಕ್ಕಳ ಪರವಾಗಿ ಮಾತನಾಡಬೇಕು. ಕಚ್ಚಿದ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯುವುದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆಯ ಎಲ್ಲ ಕಂತುಗಳನ್ನೂ ಪೂರೈಸುವುದು, ಅರಿಶಿನ, ಸುಣ್ಣ, ಮಂತ್ರಗಳಲ್ಲಿ ಹೊತ್ತು ಕಳೆಯದಿರುವುದು ಪ್ರತಿಯೊಂದು ಮನೆಗೂ ಗೊತ್ತಿರಬೇಕಾದ ಪಾಠ.

ಇದೇ ವಿಜ್ಞಾನ ಇನ್ನೊಂದು ಮಾತನ್ನೂ ಹೇಳುತ್ತದೆ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆ ಹಾಕಿದರೆ ರೇಬೀಸ್‌ನ ಸರಪಳಿ ತುಂಡಾಗುತ್ತದೆ. ನಾಯಿಗಳನ್ನು ಕೊಲ್ಲುವುದರಿಂದ ಹಾಗಾಗುವುದಿಲ್ಲ. ಕಸ, ಎಂಜಲು, ಮಾಂಸದ ತ್ಯಾಜ್ಯ ಎಷ್ಟು ಹೊಟ್ಟೆಗಳನ್ನು ತುಂಬಬಲ್ಲವೋ ಅಷ್ಟು ನಾಯಿಗಳು ಒಂದು ಊರಿನಲ್ಲಿ ಇದ್ದೇ ಇರುತ್ತವೆ. ಇದ್ದವನ್ನು ವಿಷವಿಕ್ಕಿ ಕೊಂದರೆ ನೆರೆಯ ಊರಿನ, ಲಸಿಕೆ ಕಾಣದ ನಾಯಿಗಳು ಬಂದು ಆ ಜಾಗವನ್ನು ತುಂಬುತ್ತವೆ. ವಿಷವಿಕ್ಕಿದ ಮಾಂಸ ರಣಹದ್ದಿಗೂ ನರಿಗೂ ಮೃತ್ಯುವಾಗುತ್ತದೆ.

ಗುಡ್ಡಗಾಡಿನ ಜನ ಮರೆಯಬಾರದ ಮತ್ತೊಂದು ಮುಖ ಕಾಡಿನದು. ಒಡೆಯನಿಲ್ಲದ ನಾಯಿಗಳ ಗುಂಪು ಹಸಿವಾದಾಗ ಮೊಲ, ಕಾಡುಕುರಿ, ಉಡಗಳನ್ನು ಅಟ್ಟುತ್ತದೆ. ಭಾರತದಲ್ಲಿ ನಾಯಿಗಳ ದಾಳಿಗೆ ತುತ್ತಾಗುವ ವನ್ಯಜೀವಿಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 80 ಪ್ರಭೇದಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ 31 ಅಪಾಯದಂಚಿನವು. ಹಲ್ಲಿಗಿಂತಲೂ ಘೋರವಾದುದು ರೋಗ. ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ಎಂಬ ವೈರಾಣು 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಸಿಂಹಗಳನ್ನು ಕೊಂದಿತು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ 23 ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗಲೂ ಹಲವುಗಳಲ್ಲಿ ಅದೇ ವೈರಾಣು ಪತ್ತೆಯಾಯಿತು. ಪಶ್ಚಿಮಘಟ್ಟದ ಸೀಳುನಾಯಿ ಕೂಡ ಶ್ವಾನಕುಲದ್ದೇ. ಊರನಾಯಿಯ ರೋಗ ಅದಕ್ಕೆ ಪರಕೀಯವಲ್ಲ. ಅತ್ತ, ಕಾಡಿನಂಚಿನಲ್ಲಿ ಅಲೆಯುವ ನಾಯಿಗಳ ಆಸೆಗೆ ಚಿರತೆ ಊರಿಗೆ ಇಳಿಯುತ್ತದೆ. ಆಮೇಲೆ ಬೋನು, ಗಲಾಟೆ, ಗುಂಡು. ಆದ್ದರಿಂದ ಕಾಡಿನಂಚಿನಲ್ಲಿ ನಾಯಿಯನ್ನು ಬಿಟ್ಟುಬರುವುದು ನಾಯಿಗೂ ಕಾಡಿಗೂ ಏಕಕಾಲದಲ್ಲಿ ಬಗೆದ ದ್ರೋಹ. ದಾರಿಯಲ್ಲಿ ಬಿಸ್ಕತ್ತು ಎಸೆದು ಮುಂದೆ ಹೋಗುವ ಪ್ರವಾಸಿಗರ ದಯೆ ಇದಕ್ಕೆ ಪರಿಹಾರವಲ್ಲ. ಹೊಣೆಯಿಲ್ಲದ ಅನ್ನದಾನ ಮರಿಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆಯೇ ಹೊರತು ಅವುಗಳ ಸುಖವನ್ನಲ್ಲ.

ಸರ್ಕಾರ, ನ್ಯಾಯಾಲಯಗಳೂ ಈ ಗಂಟನ್ನು ಬಿಡಿಸಲು ಯತ್ನಿಸಿವೆ. ನಾಯಿಗಳನ್ನು ಹಿಡಿದು, ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದಲ್ಲಿಯೇ ಬಿಡಬೇಕೆಂಬ ನಿಯಮ 2001ರಲ್ಲಿ ಬಂದಿತು. 2023ರಲ್ಲಿ ಅದರ ಸ್ಥಾನಕ್ಕೆ ಹೊಸ ನಿಯಮಗಳು ಬಂದವು. ಬೀದಿನಾಯಿಗಳ ಹೊಣೆ ಸ್ಥಳೀಯ ಸಂಸ್ಥೆಗಳದು, ಸಾಕುನಾಯಿಯ ಲಸಿಕೆ, ಶಸ್ತ್ರಚಿಕಿತ್ಸೆಗಳ ಹೊಣೆ ಸಾಕಿದವರದು ಎಂದು ಅವು ಸ್ಪಷ್ಟಪಡಿಸಿದವು. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯಧಾಮಗಳಿಗೆ ಸೇರಿಸಬೇಕೆಂದು ಆದೇಶಿಸಿದಾಗ ದೇಶದಾದ್ಯಂತ ಚರ್ಚೆಯೆದ್ದಿತು. ಅದೇ ತಿಂಗಳ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಆದೇಶವನ್ನು ಮಾರ್ಪಡಿಸಿತು. ರೋಗಪೀಡಿತ, ಆಕ್ರಮಣಶೀಲ ನಾಯಿಗಳ ಹೊರತು ಉಳಿದವನ್ನು ಚಿಕಿತ್ಸೆಯ ನಂತರ ಅವುಗಳ ನೆಲೆಗೇ ಬಿಡಬೇಕೆಂದು ಹೇಳಿತು. ಆ ಆದೇಶದಲ್ಲಿ ಹೆಚ್ಚು ಸುದ್ದಿಯಾಗದ ಒಂದು ಸಾಲಿತ್ತು: ಪ್ರಾಣಿಪ್ರಿಯರು ಅರ್ಜಿ ಸಲ್ಲಿಸಿ ಬೀದಿನಾಯಿಯನ್ನು ದತ್ತು ಪಡೆಯಬಹುದು, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ. ಮುಂದೆ ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂತಹ ಸ್ಥಳಗಳಿಂದ ನಾಯಿಗಳನ್ನು ತೆರವುಗೊಳಿಸಬೇಕು, ಅವನ್ನು ಅಲ್ಲಿಗೇ ಮರಳಿ ಬಿಡಬಾರದು ಎಂಬ ಆದೇಶವೂ ಹೊರಬಿತ್ತು. ತೆರವುಗೊಳಿಸಿದ ನಾಯಿಗಳು ಹೋಗುವುದೆಲ್ಲಿಗೆ? ಎಲ್ಲ ತಾಲ್ಲೂಕುಗಳಲ್ಲಿಯೂ ಆಶ್ರಯಧಾಮ ಕಟ್ಟುವಷ್ಟು ಹಣವೂ ಜನವೂ ಇಲ್ಲ. ಕಟ್ಟಿದರೂ ಕಿಕ್ಕಿರಿದ ಧಾಮದಲ್ಲಿ ರೋಗ ಬೆಂಕಿಯಂತೆ ಹಬ್ಬುತ್ತದೆ. ಆಶ್ರಯಧಾಮ ಒಂದು ತಂಗುದಾಣವಾಗಬೇಕೇ ಹೊರತು ಕೊನೆಯ ನಿಲ್ದಾಣವಾಗಬಾರದು. ಅಲ್ಲಿಂದ ಮುಂದಿನ ದಾರಿ ಮನೆಗಳ ಹೊಸ್ತಿಲಿಗೇ ಬರಬೇಕು.

‘ದತ್ತು’ ಎಂಬ ಪದ ಕರ್ನಾಟಕದಲ್ಲಿ ಪರಿಚಿತವೇ. ಮೃಗಾಲಯದ ಆನೆ, ಹುಲಿಗಳನ್ನು ಜನ ದತ್ತು ಪಡೆಯುತ್ತಾರೆ. 2022ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ರಾಸಿಗೆ ವರ್ಷಕ್ಕೆ 11,000 ರೂಪಾಯಿ ನೀಡಬಹುದಾಗಿತ್ತು. ಇವು ಹಣದ ದತ್ತು. ಪ್ರಾಣಿ ಇದ್ದಲ್ಲಿಯೇ ಇರುತ್ತದೆ. ನಾಯಿಯ ದತ್ತು ಹಾಗಲ್ಲ. ಅದು ಮನೆಯೊಳಗೆ ಬರುತ್ತದೆ, ದಿನಚರಿಯನ್ನು ಬದಲಿಸುತ್ತದೆ, ಹನ್ನೆರಡು ಹದಿನೈದು ವರ್ಷಗಳ ಸಂಬಂಧವನ್ನು ಬೇಡುತ್ತದೆ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಕ್ಯೂಪಾ’, ಮಂಗಳೂರಿನ ‘ಆನಿಮಲ್ ಕೇರ್ ಟ್ರಸ್ಟ್’ ಮೊದಲಾದ ಸಂಸ್ಥೆಗಳು ಇಂತಹ ಪ್ರಾಣಿಗಳಿಗೆ ಮನೆ ಹುಡುಕುವ ಕೆಲಸವನ್ನು ಮಾಡುತ್ತ ಬಂದಿವೆ.

ಈ ಸಂಬಂಧದ ಸಂತೋಷವನ್ನು ಕಂಡವರೇ ಬಲ್ಲರು. ಕಲ್ಲೇಟಿನ ನೆನಪಿರುವ ನಾಯಿ ಹೊಸ ಮನೆಯಲ್ಲಿ ಮೊದಲ ದಿನ ಕೊಟ್ಟಿಗೆಯ ಮೂಲೆಯಲ್ಲಿ ಮುದುಡಿಕೊಳ್ಳುತ್ತದೆ. ಯಾರಾದರೂ ಕೈಯೆತ್ತಿದರೆ ನೆಲಕ್ಕೆ ಅಂಟುತ್ತದೆ. ಜನ ಮರೆಯಾದ ಮೇಲೆ ಮಾತ್ರ ಅನ್ನಕ್ಕೆ ಬಾಯಿಡುತ್ತದೆ. ಹಾಗೆಯೇ ಬಿಟ್ಟು, ಮೆಲುದನಿಯಲ್ಲಿ ಹೆಸರು ಹಿಡಿದು ಕರೆಯುತ್ತ ಬಂದರೆ, ಒಂದು ದಿನ ಅದು ತಾನಾಗಿಯೇ ಅಂಗಳ ದಾಟಿ ಬಂದು ಮನೆಯ ಮಗುವಿನ ಅಂಗೈ ಮೂಸುತ್ತದೆ. ಆಮೇಲೆ ಶಾಲೆಯಿಂದ ಬರುವ ಮಗುವಿನ ಹೆಜ್ಜೆಯನ್ನು ಮನೆಯವರಿಗಿಂತ ಮೊದಲು ಗುರುತಿಸುವುದು ಅದೇ. ಈ ಪ್ರೀತಿ ಬರಿಯ ಕಲ್ಪನೆಯಲ್ಲ. ನಾಯಿ ಮತ್ತು ಒಡೆಯ ಪರಸ್ಪರ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದಾಗ, ತಾಯಿ ಮಗುವಿನ ನಂಟನ್ನು ಬೆಸೆಯುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಇಬ್ಬರಲ್ಲಿಯೂ ಏರುವುದನ್ನು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ಆ ಹಾರ್ಮೋನಿಗೆ ತಳಿಯ ಬೆಲೆ ತಿಳಿಯದು. ಇನ್ನು ಗುಣದ ಮಾತು: ಇಲ್ಲಿನ ಬಿಸಿಲು ಮಳೆಗಳು ತಲೆಮಾರುಗಳಿಂದ ಸೋಸಿ ಉಳಿಸಿದ ನಾಟಿ ನಾಯಿ, ಚಳಿದೇಶದ ದಪ್ಪ ಕೂದಲಿನ ನಾಯಿಗಿಂತ ಈ ಮಣ್ಣಿಗೆ ಹೆಚ್ಚು ಒಗ್ಗುತ್ತದೆ.

ಸಂತೋಷದ ಜೊತೆಗೆ ಕರ್ತವ್ಯಗಳೂ ಇವೆ. ಮರಿಗೆ ಆರರಿಂದ ಎಂಟು ವಾರಗಳಾದಾಗ ಜಂತುಹುಳುವಿನ ಔಷಧಿ ಹಾಗೂ ಡಿಸ್ಟೆಂಪರ್, ಪಾರ್ವೊ ರೋಗಗಳ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಮುಂದೆ ವರ್ಷಕ್ಕೊಮ್ಮೆ ಅದರ ಪುನರಾವರ್ತನೆ, ಆರು ತಿಂಗಳು ಕಳೆದ ಮೇಲೆ ಪಶುವೈದ್ಯರ ಸಲಹೆಯಂತೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಇಷ್ಟು ಆಗಲೇಬೇಕು. ರಾತ್ರಿ ನಾಯಿಯನ್ನು ಭದ್ರವಾದ ಕೊಟ್ಟಿಗೆಯೊಳಗೆ ಕೂಡಿದರೆ ಅದಕ್ಕೆ ಚಿರತೆಯಿಂದಲೂ, ಕಾಡಿನ ಮೊಲಕ್ಕೆ ಅದರಿಂದಲೂ ರಕ್ಷಣೆ ದೊರೆಯುತ್ತದೆ. ಹಗಲಿಡೀ ಗಿಡ್ಡ ಸರಪಳಿಯಲ್ಲಿ ಬಿಗಿದಿಡುವುದು ಸಾಕುವುದಲ್ಲ, ಸೆರೆ. ಇಷ್ಟನ್ನು ಮಾಡಲಾಗದವರು ದತ್ತು ಪಡೆಯದಿರುವುದೇ ಆ ಜೀವಕ್ಕೆ ಮಾಡುವ ಉಪಕಾರ.

ಒಂದೊಂದು ಮನೆಯ ಔದಾರ್ಯದಿಂದ 11 ಲಕ್ಷ ನಾಯಿಗಳ ಪ್ರಶ್ನೆ ಬಗೆಹರಿಯದೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಒಂದು ಹಳ್ಳಿಯ ನಾಯಿಗಳ ಲೆಕ್ಕ ಲಕ್ಷದ್ದಲ್ಲ, ಹತ್ತಿಪ್ಪತ್ತರದು. ಅವನ್ನು ಎಣಿಸುವುದು ಶಾಲೆಯ ಮಕ್ಕಳಿಗೂ ಸಾಧ್ಯ. ಯಾವುದು ಯಾರ ಮನೆಯದು, ಯಾವುದಕ್ಕೆ ಲಸಿಕೆಯಾಗಿದೆ, ಯಾವುದು ಯಾರದೂ ಅಲ್ಲ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದಂದು ಲಸಿಕಾ ಶಿಬಿರ ನಡೆಸುವಂತೆ ಪಂಚಾಯಿತಿಯವರೂ ಪಶುವೈದ್ಯರೂ ಸೇರಿ ಏರ್ಪಾಡು ಮಾಡಬಹುದು. ಕೋಳಿಯಂಗಡಿಯ ತ್ಯಾಜ್ಯ ರಸ್ತೆಬದಿಗೆ ಬೀಳದಂತೆ ಗ್ರಾಮಸಭೆ ಕಟ್ಟುಮಾಡಬಹುದು. ಯಾರದೂ ಅಲ್ಲದ ಹೆಣ್ಣುಮರಿಯನ್ನು ಒಂದು ಮನೆ ಇಟ್ಟುಕೊಳ್ಳಬಹುದು. ಅದರ ಶಸ್ತ್ರಚಿಕಿತ್ಸೆಯ ಖರ್ಚನ್ನು ನಾಲ್ಕು ಮನೆಗಳು ಹಂಚಿಕೊಳ್ಳಬಹುದು. ಹೀಗೆ ಮನೆ ಸೇರಿದ ಒಂದೊಂದು ಹೆಣ್ಣುಮರಿಯೂ ಹುಟ್ಟಲಿರುವ ಹತ್ತಾರು ಅನಾಥ ಮರಿಗಳ ಸಂಕಟವನ್ನು ತಡೆಯುತ್ತದೆ.

ಕಾಡನ್ನು ಉಳಿಸಬೇಕೆನ್ನುವವರು ಊರಿನ ಅಂಗಳದಿಂದಲೇ ಆ ಕೆಲಸವನ್ನು ಆರಂಭಿಸಬೇಕಾಗಿದೆ. ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿಯೊಂದು ಊರೂ ತನ್ನ ನಾಯಿಗಳನ್ನು ಎಣಿಸಲಿ. ಮರಿ ಬೇಕೆನ್ನುವ ಪ್ರತಿಯೊಂದು ಮನೆಯೂ ಪೇಟೆಯ ಅಂಗಡಿಗೆ ಹೋಗುವ ಮೊದಲು ಬಸ್ ನಿಲ್ದಾಣದ ಕಟ್ಟೆಯಡಿ ಒಮ್ಮೆ ಬಗ್ಗಿ ನೋಡಲಿ.