ಸ್ಟೆಬಿಲೈಸರ್ ಬೇಡ, ಮೊದಲು ನ್ಯೂಟ್ರಲ್ ನೋಡಿ



ಮಳೆಗಾಲ ಹತ್ತಿರ ಬಂತೆಂದರೆ ಮುಂಬಯಿ ಹತ್ತಿರದ ಡೊಂಬಿವಲಿ, ಕಲ್ಯಾಣ್ ಕಡೆಯ ಸೊಸೈಟಿಗಳಲ್ಲಿ ಒಂದೇ ಗೋಳು: ಹೋದ ಕರೆಂಟ್ ಮರಳಿ ಬಂದ ಕ್ಷಣದಲ್ಲಿ ಇಡೀ ವಿಂಗಿನ ಫ್ರಿಜ್, ಟಿ.ವಿ., ವೈಫೈ ಪೆಟ್ಟಿಗೆಗಳು ಸುಟ್ಟುಹೋದವು. ದೂರು ಕೊಟ್ಟವರಿಗೆ ಸಿಗುವ ಉತ್ತರವೂ ಒಂದೇ: ಒಳ್ಳೆಯ ಸ್ಟೆಬಿಲೈಸರ್ ಹಾಕಿಸಿಕೊಳ್ಳಿ. ಈ ಸಲಹೆಗೆ ನನ್ನ ಬಲವಾದ ಆಕ್ಷೇಪವಿದೆ.

ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಆದರೆ ಕಟ್ಟಡಕ್ಕೆ ಬರುವುದು ಮೂರು ಫೇಸ್ ತಂತಿ, ಮೂರಕ್ಕೂ ಸೇರಿದ ಒಂದು ನ್ಯೂಟ್ರಲ್ ತಂತಿ. ಎರಡು ಫೇಸ್‌ಗಳ ನಡುವೆ ಇರುವುದು ಸುಮಾರು 400 ವೋಲ್ಟ್. ನ್ಯೂಟ್ರಲ್ ಗಟ್ಟಿಯಾಗಿರುವ ತನಕ ಪ್ರತಿ ಮನೆಗೂ ಅದರ ಪಾಲು ಸರಿಯಾಗಿ ಸಿಗುತ್ತದೆ. ಅದು ಸಡಿಲವಾದರೆ ಗೀಸರ್, ಎ.ಸಿ. ಓಡುತ್ತಿರುವ ಫೇಸಿನ ಮನೆಗಳಲ್ಲಿ ದೀಪ ಮಂಕಾಗುತ್ತದೆ. ಬರೀ ಟಿ.ವಿ. ಹಚ್ಚಿ ಕೂತವರ ಮನೆಗೆ 300 ವೋಲ್ಟನ್ನೂ ಮೀರಿ ನುಗ್ಗುತ್ತದೆ. ಇಷ್ಟನ್ನು ತಡೆಯುವುದು ಸಾಧಾರಣ ಸ್ಟೆಬಿಲೈಸರ್‌ನಿಂದ ಆಗದ ಕೆಲಸ. ಎಷ್ಟೋ ಸಲ ಮೊದಲು ಸುಡುವುದೇ ಅದು. ಎಂಸಿಬಿಯೂ ಬೀಳುವುದಿಲ್ಲ, ಏಕೆಂದರೆ ಅದು ಕಾಯುವುದು ಆಂಪಿಯರ್ ಹೆಚ್ಚಾಗುವುದನ್ನು. ವೋಲ್ಟೇಜ್ ಅದಕ್ಕೆ ಸಂಬಂಧಿಸಿದ್ದಲ್ಲ.

ನಮ್ಮ ಕಟ್ಟಡದಲ್ಲಿ ಹೀಗಾದಾಗ ಮೀಟರ್ ರೂಮಿನ ಬಾಗಿಲು ತೆಗೆಸಿ ನೋಡಿದೆವು. ಅಲ್ಯೂಮಿನಿಯಂ ನ್ಯೂಟ್ರಲ್ ಕೇಬಲಿನ ತುದಿಯ ಲಗ್ (ಜೋಡಣೆಯ ಲೋಹದ ತುಂಡು) ಕಪ್ಪಾಗಿತ್ತು, ಬೋಲ್ಟು ಬೆರಳಲ್ಲೇ ತಿರುಗುತ್ತಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಿ ಇಳಿದಿತ್ತು. ಅದರ ಪಕ್ಕದಲ್ಲೇ ಯಾರದೋ ಹಳೆಯ ಸೈಕಲ್ಲು, ಪೇಂಟಿನ ಡಬ್ಬಗಳು! ಲಗ್ ಬದಲಿಸಿ, ಬಿಗಿ ಮಾಡಲು ವೈರ್‌ಮನ್‌ಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಸುಟ್ಟ ಸಾಮಾನಿನ ಖರ್ಚು ಮಾತ್ರ ಆಯಾ ಮನೆಯವರದ್ದೇ. ಅವರಲ್ಲಿ ಪಿಂಚಣಿಯಲ್ಲೇ ತಿಂಗಳು ದೂಡುವ ಹಿರಿಯರೂ ಇದ್ದರು. ಮಧುಮೇಹದ ಇನ್ಸುಲಿನ್ ಇಟ್ಟ ಫ್ರಿಜ್ ಕೆಟ್ಟರೆ ಅವರು ಏನು ಮಾಡಬೇಕು?

ಈ ಜೋಡಣೆ ಯಾರ ಜವಾಬ್ದಾರಿ ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಮೀಟರಿನಿಂದ ಆಚೆಗಿನದು ವಿತರಣಾ ಕಂಪನಿಯದು, ಈಚೆಗಿನದು ಗ್ರಾಹಕರದು ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿದೆ. ಮೀಟರ್ ರೂಮಿನಲ್ಲಿ ನಿಂತು ನೋಡಿದರೆ ಆ ಗೆರೆ ಎಲ್ಲಿದೆಯೆಂದು ಕಮಿಟಿಯ ಕಾರ್ಯದರ್ಶಿಗೂ ಗೊತ್ತಿರುವುದಿಲ್ಲ. ಕರೆಂಟ್ ಹಂಚುವ ರಸ್ತೆ ಬದಿಯ ಪೆಟ್ಟಿಗೆಗಳಾದ ಫೀಡರ್ ಪಿಲ್ಲರ್‌ಗಳ ಪಾಡಂತೂ ಕೇಳುವುದೇ ಬೇಡ. ಥಾಣೆಯಲ್ಲಾಗಲಿ, ನವಿ ಮುಂಬಯಿಯಲ್ಲಾಗಲಿ ಬಾಗಿಲಿಲ್ಲದ, ಬುಡದಲ್ಲಿ ಕಸ ತುಂಬಿದ ಪೆಟ್ಟಿಗೆ ಹುಡುಕಲು ಬಹಳ ದೂರ ನಡೆಯಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ದಿನವಿಡೀ ಕರೆಂಟ್ ತೆಗೆದು ಮರದ ಕೊಂಬೆ ಕಡಿಯುತ್ತಾರೆ, ಅದು ಬೇಕಾದದ್ದೇ. ಅದೇ ಹೊತ್ತಿನಲ್ಲಿ ಈ ಪೆಟ್ಟಿಗೆಗಳ ನ್ಯೂಟ್ರಲ್ ಬೋಲ್ಟುಗಳನ್ನೂ ಬಿಗಿ ಮಾಡಲು ಏನಡ್ಡಿ?

2020ರ ಅಕ್ಟೋಬರ್ 12ರಂದು ಕಳವಾ–ಪಡಘಾ ವಿದ್ಯುತ್ ಮಾರ್ಗ ಕೈಕೊಟ್ಟು ಮುಂಬಯಿ, ಥಾಣೆ, ನವಿ ಮುಂಬಯಿ ಕತ್ತಲಾದಾಗ ಲೋಕಲ್ ರೈಲುಗಳೇ ನಿಂತವು. ಮಂತ್ರಿಗಳು ಮಾತಾಡಿದರು, ವಿಚಾರಣೆ ನಡೆಯಿತು. ಒಂದು ವಿಂಗಿನ ನ್ಯೂಟ್ರಲ್ ಕಿತ್ತರೆ ಯಾವ ವಿಚಾರಣೆಯೂ ಇಲ್ಲ.

ಇಂಥ ಅನಾಹುತಕ್ಕೆ ತಡೆಯೇ ಇಲ್ಲವೆಂದಲ್ಲ. ಅಮೆರಿಕದಲ್ಲಿ ಮೋಟಾರ್‌ಹೋಮ್ ಕಟ್ಟಿಕೊಂಡು ತಿರುಗುವ ಅನೇಕರು ಕ್ಯಾಂಪಿನ ವಿದ್ಯುತ್ ಕಂಬಕ್ಕೆ ನೇರವಾಗಿ ಪ್ಲಗ್ ಹಾಕುವುದಿಲ್ಲ. ನಡುವೆ ಒಂದು ರಕ್ಷಣಾ ಪೆಟ್ಟಿಗೆ ಸಿಕ್ಕಿಸುತ್ತಾರೆ. ನ್ಯೂಟ್ರಲ್ ಕಡಿದಿದ್ದರೆ, ವೋಲ್ಟೇಜ್ ಅತಿಯಾಗಿದ್ದರೆ ಅದು ಕರೆಂಟನ್ನು ಒಳಗೇ ಬಿಡುವುದಿಲ್ಲ. ಒಂದು ಗಾಡಿಗೆ ಇರುವ ಈ ಕಾವಲು ಹತ್ತಾರು ಸಂಸಾರಗಳಿರುವ ನಮ್ಮ ಕಟ್ಟಡಗಳಿಗೇಕಿಲ್ಲ? ವೋಲ್ಟೇಜ್ ಹೆಚ್ಚು ಕಡಿಮೆಯಾದರೆ ಲೈನ್ ಕಡಿಯುವ ರಿಲೇ ನಮ್ಮ ಪೇಟೆಯಲ್ಲೂ ಸಿಗುತ್ತದೆ. ಸೊಸೈಟಿಗಳು ಗೇಟಿಗೆ, ಬಣ್ಣಕ್ಕೆ ಎತ್ತುವ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ತೆಗೆದಿಡಲಿ. ಗಣೇಶೋತ್ಸವದ ಮಂಟಪಗಳಲ್ಲೂ ಇಂಥ ಎಚ್ಚರ ಬೇಕು. ಪಕ್ಕದ ಅಂಗಡಿಯಿಂದ ವೈರ್ ಎಳೆಯುವ ಬದಲು ಅಧಿಕೃತ ತಾತ್ಕಾಲಿಕ ಸಂಪರ್ಕ ಪಡೆದು, ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಬೇಕು.

ಸಾಮಾನು ಸುಟ್ಟವರು ಸುಮ್ಮನಿರಬಾರದು. 2003ರ ವಿದ್ಯುತ್ ಕಾಯ್ದೆಯ 42ನೇ ಕಲಮಿನಂತೆ ಗ್ರಾಹಕರ ದೂರು ಪರಿಹಾರ ವೇದಿಕೆಯಿದೆ, ಅದರ ಮೇಲೆ ವಿದ್ಯುತ್ ಲೋಕಪಾಲರಿದ್ದಾರೆ. ಮೆಕ್ಯಾನಿಕ್‌ನ ಬಿಲ್, ಸುಟ್ಟ ಜೋಡಣೆಯ ಫೋಟೋ, ದೂರಿನ ನಂಬರ್ ಜೋಪಾನವಾಗಿಟ್ಟು, ಒಬ್ಬೊಬ್ಬರೇ ಅಲ್ಲ, ವಿಂಗಿನವರೆಲ್ಲ ಸೇರಿ ಅರ್ಜಿ ಕೊಡಲಿ. ವಿತರಣಾ ಕಂಪನಿಯೂ ಈ ಮಳೆಗೆ ಮುಂಚೆ ಯಾವ ಯಾವ ಪಿಲ್ಲರ್‌ಗಳ ನ್ಯೂಟ್ರಲ್ ಪರೀಕ್ಷಿಸಿದೆ ಎಂಬ ಪಟ್ಟಿಯನ್ನು ವಾರ್ಡುವಾರು ಪ್ರಕಟಿಸಲಿ ಎಂದು ಈ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

— ಓರ್ವ ಓದುಗ, ಡೊಂಬಿವಲಿ ಪೂರ್ವ