ಅಂಗಾಲಿನ ಮಚ್ಚೆಯನ್ನು ಅಲಕ್ಷಿಸದಿರಿ

ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿದೆ. ಕಪ್ಪು ಚರ್ಮಕ್ಕೆ ಮೆಲನಿನ್ ರಕ್ಷಣೆ ನೀಡುವುದು ನಿಜ. ಆದರೆ ಸಂಪೂರ್ಣ ವಿನಾಯಿತಿ ಇಲ್ಲ. ಜಮೈಕಾದ ಗಾಯಕ ಬಾಬ್ ಮಾರ್ಲೆಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಮೆಲನೋಮ ಪತ್ತೆಯಾಯಿತು. ಬೆರಳು ತೆಗೆಸಲು ಅವರು ಒಪ್ಪಲಿಲ್ಲ. ರೋಗ ದೇಹವನ್ನೆಲ್ಲ ವ್ಯಾಪಿಸಿ, 1981ರಲ್ಲಿ ತಮ್ಮ 36ನೇ ವಯಸ್ಸಿನಲ್ಲೇ ನಿಧನರಾದರು.

ಅಮೆರಿಕದ ಅಂಕಿ-ಅಂಶಗಳಂತೆ, ಮೆಲನೋಮ ಹುಟ್ಟಿದ ಜಾಗದಲ್ಲೇ ಇರುವಾಗ ಪತ್ತೆಯಾದರೆ ಐದು ವರ್ಷ ಬದುಕುಳಿಯುವ ಪ್ರಮಾಣ ಶೇ. 99ಕ್ಕೂ ಹೆಚ್ಚು; ದೂರದ ಅಂಗಗಳಿಗೆ ಹರಡಿದ ಬಳಿಕ ಸುಮಾರು ಶೇ. 35 ಮಾತ್ರ.

ಕಪ್ಪು ಚರ್ಮದವರಲ್ಲಿ ಇದು ಹೆಚ್ಚಾಗಿ ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆಣಿಯೆಂದೋ ಪೆಟ್ಟಿನ ಗುರುತೆಂದೋ ಭಾವಿಸಿ ಸುಮ್ಮನಿರುವುದೇ ಅಪಾಯ. ಬೆಳೆಯುವ, ಬಣ್ಣ ಬದಲಿಸುವ ಮಚ್ಚೆ, ಉಗುರಿನಲ್ಲಿ ಹೊಸ ಕಪ್ಪು ಗೆರೆ, ಮಾಯದ ಹುಣ್ಣು ಕಂಡರೆ ಚರ್ಮವೈದ್ಯರಿಗೆ ತೋರಿಸುವುದು ವಿಹಿತ.